ಮಾತ್ರೆಗೊಂದು ಅವಧಿ, ಮಾತ್ರೆಗೊಂದು ಪರೀಕ್ಷೆ: ಬಿಪಿ, ಶುಗರ್, ಥೈರಾಯ್ಡ್ ಔಷಧಗಳ ಆಯ್ಕೆ ಮತ್ತು ನಿಗಾ

ಒಂದೇ ಬೀದಿಯ ಮೂವರಿಗೆ ಬಿಪಿ 160/100 ಇದೆ ಎಂದುಕೊಳ್ಳಿ. ಒಬ್ಬರ ಚೀಟಿಯಲ್ಲಿ ಆಮ್ಲೋಡಿಪಿನ್, ಇನ್ನೊಬ್ಬರದರಲ್ಲಿ ಟೆಲ್ಮಿಸಾರ್ಟಾನ್, ಮತ್ತೊಬ್ಬರದರಲ್ಲಿ ಎರಡೂ ಸೇರಿದ ಒಂದೇ ಮಾತ್ರೆ. ಬೆಳಗಿನ ವಾಕಿಂಗ್‌ನಲ್ಲಿ ಮೂವರೂ ಸಿಕ್ಕಾಗ ‘ನಿಮಗೆ ಕೊಟ್ಟಿದ್ದು ನನಗ್ಯಾಕೆ ಕೊಡಲಿಲ್ಲ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹತ್ತು ದಿನ ನುಂಗಿದರೂ ಬಿಪಿ ಇಳಿಯಲಿಲ್ಲವೆಂದು ಪಕ್ಕದ ಮನೆಯವರ ಮಾತ್ರೆ ತಂದು ನುಂಗಿ ನೋಡುವವರೂ ಇದ್ದಾರೆ.

ಬಿಪಿ ಎಷ್ಟಿದೆ ಎನ್ನುವುದು ಔಷಧ ಆರಿಸುವಾಗ ವೈದ್ಯರು ನೋಡುವ ಹಲವು ವಿಷಯಗಳಲ್ಲಿ ಒಂದು. ವಯಸ್ಸು, ಮೂತ್ರಪಿಂಡದ ಸ್ಥಿತಿ, ಶುಗರ್ ಇದೆಯೇ, ಹೃದಯದ ತೊಂದರೆ ಇದೆಯೇ, ಆಸ್ತಮಾ ಇದೆಯೇ, ಮಗು ಪಡೆಯುವ ಯೋಚನೆ ಇದೆಯೇ, ಬೇರೆ ಯಾವ ಮಾತ್ರೆ ನಡೆಯುತ್ತಿದೆ – ಇವೆಲ್ಲ ಸೇರಿ ಆಯ್ಕೆಯಾಗುತ್ತದೆ. ಆಯ್ಕೆಯಾದ ಮೇಲೆ ಪ್ರತಿ ಮಾತ್ರೆಗೂ ತನ್ನ ಕೆಲಸ ತೋರಿಸಲು ಇಂತಿಷ್ಟು ಅವಧಿ ಬೇಕು, ಅದು ಒಳಗೆ ಏನು ಮಾಡುತ್ತಿದೆ ಎಂದು ತಿಳಿಯಲು ಇಂಥದೇ ಪರೀಕ್ಷೆ ಬೇಕು. ಅವಧಿಗೆ ಮೊದಲೇ ತೀರ್ಪು ಕೊಟ್ಟರೂ ತಪ್ಪು, ಪರೀಕ್ಷೆಯೇ ಇಲ್ಲದೆ ವರ್ಷಗಟ್ಟಲೆ ನುಂಗಿದರೂ ತಪ್ಪು. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯದು: ಹಳೇ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗಿ, ಮೂರು ವರ್ಷ ಅದನ್ನೇ ತರುವುದು.

ಮೊದಲು ಅಳತೆ ಸರಿಯಾಗಲಿ

ಆಸ್ಪತ್ರೆಯಲ್ಲಿ ಅಳೆದಾಗ ಬೇರೆ ಬೇರೆ ದಿನಗಳಲ್ಲಿ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಅಧಿಕ ರಕ್ತದೊತ್ತಡ. ಮನೆಯಲ್ಲಿ ಅಳೆಯುವವರಿಗೆ ಗಡಿ ಸ್ವಲ್ಪ ಕೆಳಗೆ, 135/85. ಡಾಕ್ಟರ ಮುಂದೆ ಕೂತಾಗ ಮಾತ್ರ ಏರುವವರಿದ್ದಾರೆ. ಅಲ್ಲಿ ಸರಿಯಿದ್ದು ಮನೆ, ಕಚೇರಿಗಳಲ್ಲಿ ಏರುವವರೂ ಇದ್ದಾರೆ. ಈ ಎರಡನೇ ಗುಂಪು ಹೆಚ್ಚು ಅಪಾಯದ್ದು, ಏಕೆಂದರೆ ಅವರ ಚೀಟಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಅಳೆಯುವ ಮುನ್ನ ಅರ್ಧ ಗಂಟೆ ಕಾಫಿ, ಬೀಡಿ-ಸಿಗರೇಟು, ಓಡಾಟ ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ, ಮಾತಾಡದೆ ಐದು ನಿಮಿಷ ಕೂರಬೇಕು. ತೋಳನ್ನು ಹೃದಯದ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿಡಬೇಕು. ಜೋಲು ಬಿಟ್ಟರೆ ಅಂಕಿ ಸುಳ್ಳುಸುಳ್ಳೇ ಮೇಲೇರುತ್ತದೆ. ತೋಳಿಗೆ ಸುತ್ತುವ ಪಟ್ಟಿಯ ಅಳತೆಯ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಆದರೆ ಎಡವಟ್ಟಾಗುವುದು ಅಲ್ಲೇ. ಯಂತ್ರದ ಜೊತೆ ಬರುವ ಮಾಮೂಲಿ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ದಪ್ಪ ತೋಳಿಗೆ ಅದನ್ನೇ ಎಳೆದು ಬಿಗಿದರೆ ಬಿಪಿ ಇಲ್ಲದವರಿಗೂ ಬಿಪಿ ಬರುತ್ತದೆ. ಟೇಪು ಹಿಡಿದು ಒಮ್ಮೆ ತೋಳು ಅಳೆದುಕೊಂಡು, 32 ದಾಟಿದ್ದರೆ ದೊಡ್ಡ ಪಟ್ಟಿ ಕೇಳಿ ತನ್ನಿ. ಮಣಿಕಟ್ಟಿಗೆ ಕಟ್ಟುವ ಯಂತ್ರ ಅಷ್ಟು ನಂಬಿಕೆಗೆ ಅರ್ಹವಲ್ಲ.

ಔಷಧ ಬದಲಿಸುವ ಮುನ್ನ ಒಂದು ವಾರದ ಲೆಕ್ಕ ಬೇಕು: ಬೆಳಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ಎರಡರ ನಡುವೆ ಒಂದು ನಿಮಿಷ ಬಿಟ್ಟು. ಮೊದಲ ದಿನದ್ದನ್ನು ಬಿಟ್ಟು ಉಳಿದ ಆರು ದಿನದ ಸರಾಸರಿ ತೆಗೆಯಬೇಕು. ಹೆಚ್ಚು ಬಂದದ್ದನ್ನು ಮುಚ್ಚಿಟ್ಟು ಕಡಿಮೆ ಬಂದದ್ದನ್ನು ಮಾತ್ರ ಬರೆದರೆ ವೈದ್ಯರು ಕೊಡುವ ಔಷಧ ನಿಮ್ಮದಲ್ಲದ ಬಿಪಿಗೆ ಹೋಗುತ್ತದೆ. ವಯಸ್ಸಾದವರಿಗೆ ನಿಲ್ಲಿಸಿಯೂ ಅಳೆಯಬೇಕು. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20, ಅಥವಾ ಕೆಳಗಿನದು 10 ಇಳಿದರೆ, ಅವರಿಗೆ ಮಾತ್ರೆ ಏರಿಸುವಾಗ ಕೈ ಬಿಗಿಹಿಡಿಯಬೇಕು. ರಾತ್ರಿ ಬಚ್ಚಲಿಗೆ ಎದ್ದು ಹೋಗುವಾಗ ಬಿದ್ದು ಸೊಂಟ ಮುರಿಯುವವರು ಇಂಥವರೇ.

ಯಾವುದನ್ನು ಯಾರಿಗೆ

ಬಿಪಿಗೆ ಮೊದಲ ಸಾಲಿನಲ್ಲಿ ಬರುವುದು ಮೂರು ಬಗೆ. ಆಮ್ಲೋಡಿಪಿನ್, ಸಿಲ್ನಿಡಿಪಿನ್‌ನಂಥವು ರಕ್ತನಾಳದ ಗೋಡೆಯ ಸ್ನಾಯುಗಳನ್ನು ಸಡಿಲಿಸುತ್ತವೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್ ಒಂದು ಕಡೆ, ಎನಲಾಪ್ರಿಲ್, ರಾಮಿಪ್ರಿಲ್ ಇನ್ನೊಂದು ಕಡೆ – ಇವು ಮೂತ್ರಪಿಂಡದಿಂದ ಹೊರಡುವ, ನಾಳಗಳನ್ನು ಬಿಗಿಗೊಳಿಸುವ ಹಾರ್ಮೋನು ಸರಪಳಿಯನ್ನು ತಡೆಯುತ್ತವೆ. ಕ್ಲೋರ್ತಾಲಿಡೋನ್, ಇಂಡಪಮೈಡ್, ಹೈಡ್ರೋಕ್ಲೋರೋಥಯಜೈಡ್ ಉಪ್ಪನ್ನು ಮೂತ್ರದಲ್ಲಿ ಹೊರಹಾಕುತ್ತವೆ.

ಆಮ್ಲೋಡಿಪಿನ್‌ನ ದೊಡ್ಡ ಗುಣವೆಂದರೆ ಶುರು ಮಾಡುವಾಗ ರಕ್ತಪರೀಕ್ಷೆಯ ಹಂಗಿಲ್ಲ. ಲ್ಯಾಬ್ ಇಲ್ಲದ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದನ್ನು ಧೈರ್ಯವಾಗಿ ಕೊಡಬಹುದು. ರಕ್ತದಲ್ಲಿ ಅದರ ಅರ್ಧ ಕರಗಲು 30ರಿಂದ 50 ಗಂಟೆ ಬೇಕಾದ್ದರಿಂದ ಒಂದು ಹೊತ್ತು ಮರೆತರೂ ಬಿಪಿ ಹಾರುವುದಿಲ್ಲ. ಅದೇ ಗುಣದಿಂದಾಗಿ ಪ್ರಮಾಣ ಸ್ಥಿರವಾಗಲು ಒಂದು ವಾರ ಬೇಕು. ಮೂರನೇ ದಿನಕ್ಕೆ ‘ಕೆಲಸ ಮಾಡ್ತಿಲ್ಲ’ ಎನ್ನುವುದು ಅವಸರದ ಮಾತು. ಅದರ ದೋಷ ಪಾದದ ಬಾವು. 5 ಮಿ.ಗ್ರಾಂ.ಗಿಂತ 10ರಲ್ಲಿ ಹೆಚ್ಚು, ಸಂಜೆಯ ಹೊತ್ತಿಗೆ ಚಪ್ಪಲಿಯ ಪಟ್ಟಿ ಅಚ್ಚೊತ್ತುವಷ್ಟು. ಈ ಬಾವಿಗೆ ಮೂತ್ರ ಹೋಗುವ ಮಾತ್ರೆ ಸೇರಿಸುವ ರೂಢಿಯಿದೆ, ಅದರಿಂದ ಹೆಚ್ಚು ಪ್ರಯೋಜನವಿಲ್ಲ: ದೇಹದಲ್ಲಿ ನೀರು ಜಾಸ್ತಿಯಾಗಿ ಬಂದ ಬಾವಲ್ಲ ಅದು, ಸಣ್ಣ ನಾಳಗಳ ಒಳಬಾಗಿಲು ತೆರೆದು ಹೊರಬಾಗಿಲು ಬಿಗಿಯಾಗೇ ಉಳಿದದ್ದರಿಂದ ಸೋರಿದ ನೀರು. ಟೆಲ್ಮಿಸಾರ್ಟಾನ್ ಸೇರಿಸಿದರೆ ಹೊರಬಾಗಿಲೂ ಸಡಿಲಗೊಂಡು ಬಾವು ತಗ್ಗುತ್ತದೆ. ಇಲ್ಲವೇ ಆಮ್ಲೋಡಿಪಿನ್ ಇಳಿಸಬೇಕು. ವಸಡು ಊದಿಕೊಂಡು ಬೆಳೆಯುವುದೂ ಈ ಔಷಧದಿಂದ ಸಾಧ್ಯ. ಹಲ್ಲಿನ ಡಾಕ್ಟರಿಗೆ ಮಾತ್ರೆಯ ಹೆಸರು ಹೇಳಿ.

ಶುಗರ್ ಇದ್ದು ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಅಥವಾ ಹೃದಯ ದುರ್ಬಲವಾಗಿದ್ದರೆ, ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್ ಗುಂಪಿಗೆ ಮೊದಲ ಮಣೆ. ರಾಮಿಪ್ರಿಲ್, ಎನಲಾಪ್ರಿಲ್‌ಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಒಣ ಕೆಮ್ಮು ಬರುತ್ತದೆ. ಎದೆಯ ಎಕ್ಸ್-ರೇ, ಸಿರಪ್ಪು, ಅಲರ್ಜಿ ಮಾತ್ರೆ ಎಲ್ಲ ಆದಮೇಲೆ ಯಾರೋ ಒಬ್ಬರು ಬಿಪಿ ಚೀಟಿ ನೋಡಿ ಕಂಡುಹಿಡಿಯುವುದು ವಾಡಿಕೆ. ಮಾತ್ರೆ ಬಿಟ್ಟ ಮೇಲೂ ಕೆಮ್ಮು ಕೆಲವು ವಾರ ಉಳಿಯಬಹುದು. ತುಟಿ, ನಾಲಿಗೆ ಊದಿಕೊಂಡರೆ ಕಾಯುವಂತಿಲ್ಲ, ನೇರ ಆಸ್ಪತ್ರೆಗೆ ಹೋಗಬೇಕು, ಆ ಗುಂಪಿನ ಮಾತ್ರೆಯನ್ನು ಮತ್ತೆಂದೂ ಮುಟ್ಟಬಾರದು. ಎರಡು ಉಪಗುಂಪುಗಳನ್ನು ಒಟ್ಟಿಗೆ ಕೊಡುವಂತಿಲ್ಲ. 2008ರ ಆನ್‌ಟಾರ್ಗೆಟ್ ಅಧ್ಯಯನದಲ್ಲಿ ರಾಮಿಪ್ರಿಲ್ ಮತ್ತು ಟೆಲ್ಮಿಸಾರ್ಟಾನ್ ಜೊತೆಯಾಗಿ ಹೆಚ್ಚಿನ ಲಾಭ ಕೊಡದೆ ಮೂತ್ರಪಿಂಡಕ್ಕೆ ತೊಂದರೆಯನ್ನಷ್ಟೇ ಹೆಚ್ಚಿಸಿದವು. ಗರ್ಭಿಣಿಯರಿಗೆ ಎರಡೂ ನಿಷಿದ್ಧ, ಮಗುವಿನ ಮೂತ್ರಪಿಂಡಕ್ಕೆ ಪೆಟ್ಟು. ಮಗು ಬೇಕೆನ್ನುವ ಹೆಣ್ಣುಮಕ್ಕಳಿಗೆ ಲ್ಯಾಬೆಟಲೋಲ್, ನಿಧಾನವಾಗಿ ಬಿಡುಗಡೆಯಾಗುವ ನಿಫಿಡಿಪಿನ್, ಮಿಥೈಲ್‌ಡೋಪಾ ಇವೆ.

ಮೆಟೊಪ್ರೊಲೋಲ್, ಅಟೆನೊಲೋಲ್ ಒಂದು ಕಾಲದಲ್ಲಿ ಬಿಪಿಯ ಮೊದಲ ಮಾತ್ರೆಗಳು. ಈಗ ಹೃದಯಾಘಾತವಾದವರಿಗೆ, ಎದೆನೋವಿನವರಿಗೆ, ನಾಡಿ ವೇಗ ಅಥವಾ ಲಯ ತಪ್ಪಿದವರಿಗೆ ಹೆಚ್ಚಾಗಿ ಬಳಕೆ. ಆಸ್ತಮಾದವರಿಗೆ ಉಸಿರು ಕಟ್ಟಿಸಬಲ್ಲವು. ಶುಗರ್ ತೀರಾ ಇಳಿದಾಗ ಬರುವ ನಡುಕ, ಎದೆಬಡಿತವನ್ನು ಮರೆಮಾಚುತ್ತವೆ, ಬೆವರು ಮಾತ್ರ ಉಳಿಯುತ್ತದೆ. ತಟ್ಟನೆ ನಿಲ್ಲಿಸಿದರೆ ನಾಡಿ, ಬಿಪಿ ಎರಡೂ ಜಿಗಿದು ಎದೆನೋವು ತರಬಹುದು. ಮಾತ್ರೆ ಮುಗಿದ ದಿನ ಮೆಡಿಕಲ್ ಶಾಪಿಗೆ ಹೋದರಾಯಿತು ಎನ್ನುವ ಗುಂಪಲ್ಲ ಇದು.

ಒಂದನ್ನು ದುಪ್ಪಟ್ಟು ಮಾಡುವುದೋ, ಎರಡನೆಯದನ್ನು ಸೇರಿಸುವುದೋ

ಒಂದು ಔಷಧ ಮಾಮೂಲಿ ಪ್ರಮಾಣದಲ್ಲಿ ಮೇಲಿನ ಅಂಕಿಯನ್ನು ಸರಾಸರಿ 9ರಷ್ಟು ಇಳಿಸುತ್ತದೆ. 160 ಇದ್ದವರನ್ನು 130ರ ಆಸುಪಾಸಿಗೆ ತರಲು ಒಂದರಿಂದ ಆಗದು ಎಂಬುದು ಈ ಲೆಕ್ಕದಲ್ಲೇ ಇದೆ. ಅದನ್ನೇ ದುಪ್ಪಟ್ಟು ಮಾಡಿದರೆ? ಸಿಗುವ ಹೆಚ್ಚುವರಿ ಇಳಿಕೆ ಬಹಳ ಕಡಿಮೆ. ಬೇರೆ ಗುಂಪಿನ ಎರಡನೇ ಔಷಧವನ್ನು ಸೇರಿಸಿದರೆ, ದುಪ್ಪಟ್ಟು ಮಾಡಿದ್ದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು ಇಳಿಯುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಹಾಕಿದ 2009ರ ವಿಶ್ಲೇಷಣೆ ತೋರಿಸಿತು. ಪ್ರಮಾಣ ಏರಿಸಿದಾಗ ಬಾವಿನಂಥ ಅಡ್ಡಪರಿಣಾಮ ಪೂರ್ತಿಯಾಗಿ ಏರುತ್ತದೆ, ಲಾಭ ಚೂರುಪಾರು. ಗುರಿಗಿಂತ 20/10 ಹೆಚ್ಚಿರುವವರಿಗೆ ಮೊದಲ ದಿನವೇ ಎರಡು ಔಷಧ ಸೇರಿದ ಮಾತ್ರೆ ಕೊಡುವುದು ಇದೇ ಕಾರಣಕ್ಕೆ. ‘ಶುರುವಿಗೇ ಎರಡು ಬರೆದುಬಿಟ್ರು’ ಎಂದು ಗಾಬರಿಯಾಗುವ ಅಗತ್ಯವಿಲ್ಲ. ತೀರಾ ಮುಪ್ಪಾದವರು, ಬಡಕಲು ದೇಹದವರು, ನಿಂತಾಗ ಬಿಪಿ ಬೀಳುವವರು ಇದಕ್ಕೆ ಹೊರತು. ಅವರಿಗೆ ಒಂದರಿಂದ, ಅದೂ ಸಣ್ಣದರಿಂದ ಶುರು.

ಪೂರ್ಣ ಪರಿಣಾಮಕ್ಕೆ ಸುಮಾರು 4 ವಾರ ಕೊಡಬೇಕು. ಆಮೇಲೂ 140/90ರ ಕೆಳಗೆ ಬರದಿದ್ದರೆ ಮುಂದಿನ ಮೆಟ್ಟಿಲು. ತಡೆದುಕೊಳ್ಳುವ ದೇಹವಾದರೆ ಗುರಿ 130/80ರ ಕೆಳಗೆ. ಬೆಳಗ್ಗೆಯೋ ರಾತ್ರಿಯೋ ಎಂಬ ಚರ್ಚೆ ಬಹಳ ವರ್ಷ ನಡೆಯಿತು. 2022ರಲ್ಲಿ ಬಂದ ಬ್ರಿಟನ್ನಿನ ಟೈಮ್ ಅಧ್ಯಯನ 21 ಸಾವಿರಕ್ಕೂ ಹೆಚ್ಚು ಜನರನ್ನು ನೋಡಿ ಹೃದಯಾಘಾತ, ಲಕ್ವಗಳ ಮಟ್ಟಿಗೆ ವ್ಯತ್ಯಾಸವಿಲ್ಲ ಎಂದಿತು. ಮರೆಯದ ಹೊತ್ತೇ ಒಳ್ಳೆಯ ಹೊತ್ತು. ಮೂತ್ರ ಹೋಗುವ ಮಾತ್ರೆ ಮಾತ್ರ ಬೆಳಗ್ಗೆಯೇ ಇರಲಿ, ನಿದ್ದೆ ಕೆಡುವುದಿಲ್ಲ.

ಪೆಟ್ಟಿಗೆಯ ಮೇಲಿನ ಹೆಸರನ್ನು ಓದುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಬ್ರ್ಯಾಂಡ್ ಹೆಸರಿನ ಬಾಲದಲ್ಲಿ ‘ಎಎಂ’ ಇದ್ದರೆ ಬಹುತೇಕ ಆಮ್ಲೋಡಿಪಿನ್ ಸೇರಿದೆ, ‘ಎಚ್’ ಇದ್ದರೆ ಹೈಡ್ರೋಕ್ಲೋರೋಥಯಜೈಡ್, ‘ಸಿಟಿ’ ಇದ್ದರೆ ಕ್ಲೋರ್ತಾಲಿಡೋನ್. ಆದರೂ ಬಾಲವನ್ನಷ್ಟೇ ನಂಬದೆ ಕೆಳಗಿನ ಸಣ್ಣ ಅಕ್ಷರದ ಔಷಧದ ಹೆಸರು ನೋಡಿ. ಒಬ್ಬ ಡಾಕ್ಟರು ಕೊಟ್ಟ ಆಮ್ಲೋಡಿಪಿನ್ ನಡೆಯುತ್ತಿರುವಾಗಲೇ ಇನ್ನೊಬ್ಬರು ‘ಎಎಂ’ ಬಾಲದ್ದು ಬರೆದರೆ ನೀವು ಅದನ್ನು ಎರಡು ಸಲ ನುಂಗುತ್ತೀರಿ. ಜನೌಷಧಿ ಕೇಂದ್ರದ ಮಾತ್ರೆ ತಂದು, ಹಳೇ ಬ್ರ್ಯಾಂಡನ್ನೂ ಮುಂದುವರಿಸಿದಾಗ ಆಗುವುದೂ ಇದೇ. ಮತ್ತೊಂದು ಸಣ್ಣ ಸಂಗತಿ: ಟೆಲ್ಮಿಸಾರ್ಟಾನ್ ತೇವ ಹೀರುತ್ತದೆ. ವಾರಕ್ಕಾಗುವಷ್ಟು ಬಿಡಿಸಿ ಡಬ್ಬಿಗೆ ಹಾಕಿಡುವವರು ಅದನ್ನು ಮಾತ್ರ ಶೀಟಿನಲ್ಲೇ ಬಿಡಬೇಕು, ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಖಂಡಿತ.

ಕ್ರಿಯಾಟಿನಿನ್, ಪೊಟ್ಯಾಸಿಯಂ, ಸೋಡಿಯಂ

ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್ ಶುರುವಿಗೆ ಮುಂಚೆ ಒಮ್ಮೆ, ಶುರುವಾಗಿ ಅಥವಾ ಪ್ರಮಾಣ ಏರಿಸಿ ಒಂದೆರಡು ವಾರಕ್ಕೆ ಮತ್ತೊಮ್ಮೆ, ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯ) ಮತ್ತು ಪೊಟ್ಯಾಸಿಯಂ ನೋಡಬೇಕು. ಮೂತ್ರಪಿಂಡ ಗಟ್ಟಿಯಿರುವ ಯುವಕರಿಗೆ ನಾಲ್ಕು ವಾರವಾದರೂ ನಡೆದೀತು. ಆಮೇಲೆ ವರ್ಷಕ್ಕೊಮ್ಮೆ, ಮೂತ್ರಪಿಂಡ ದುರ್ಬಲವಿದ್ದರೆ ಇನ್ನೂ ಬೇಗ ಬೇಗ.

ಈ ಔಷಧಗಳು ಮೂತ್ರಪಿಂಡದ ಸೋಸುಜಾಲದೊಳಗಿನ ಒತ್ತಡ ಇಳಿಸುತ್ತವೆ. ಒತ್ತಡ ಇಳಿದಾಗ ಸೋಸುವಿಕೆ ಸ್ವಲ್ಪ ತಗ್ಗಿ ಕ್ರಿಯಾಟಿನಿನ್ ಏರುವುದು ಸಹಜ. ದೀರ್ಘಕಾಲಕ್ಕೆ ಮೂತ್ರಪಿಂಡ ಉಳಿಯುವುದೂ ಆ ಇಳಿಕೆಯಿಂದಲೇ. 30 ಶೇಕಡಾದವರೆಗಿನ ಏರಿಕೆಯನ್ನು ಒಪ್ಪಿಕೊಳ್ಳಬಹುದು. 1.0 ಇದ್ದದ್ದು 1.2 ಆದರೆ ಮಾತ್ರೆ ಬಿಡಬೇಕಿಲ್ಲ, ಮತ್ತೊಮ್ಮೆ ಪರೀಕ್ಷಿಸಿ ನೋಡಿದರೆ ಸಾಕು. 1.5 ಆದರೆ ನಿಲ್ಲಿಸಿ ಕಾರಣ ಹುಡುಕಬೇಕು: ನೀರಿನಂಶ ಕಡಿಮೆಯಾಗಿದೆಯೇ, ನೋವಿನ ಮಾತ್ರೆ ನುಂಗಿದ್ದಾರೆಯೇ, ಎರಡೂ ಮೂತ್ರಪಿಂಡದ ರಕ್ತನಾಳ ಕಿರಿದಾಗಿವೆಯೇ. ಲ್ಯಾಬ್ ವರದಿಯಲ್ಲಿ ಕೆಂಪಕ್ಷರ ಕಂಡು ‘ಕಿಡ್ನಿ ಹಾಳು ಮಾಡುವ ಮಾತ್ರೆ’ ಎಂದು ತಾವೇ ಬಿಟ್ಟವರು, ಕಿಡ್ನಿ ಕಾಯುತ್ತಿದ್ದ ಮಾತ್ರೆಯನ್ನೇ ಬಿಟ್ಟಿರುತ್ತಾರೆ.

ಕ್ರಿಯಾಟಿನಿನ್ ಅಂಕಿಯನ್ನು ಬಿಡಿಯಾಗಿ ಓದಬಾರದು. 30 ವರ್ಷದ ಗಂಡಸಿಗೆ 1.2 ಎಂದರೆ ಮೂತ್ರಪಿಂಡದ ಅಂದಾಜು ಸೋಸುವಿಕೆ ನಿಮಿಷಕ್ಕೆ 83 ಮಿ.ಲೀ.ನಷ್ಟು, ಚಿಂತೆಯಿಲ್ಲ. 70 ವರ್ಷದ ಅಜ್ಜಿಗೆ ಅದೇ 1.2 ಎಂದರೆ 49ರ ಹತ್ತಿರ, ಅಂದರೆ ಮೂತ್ರಪಿಂಡ ಆಗಲೇ ಅರ್ಧಕ್ಕೆ ಬಂದಿದೆ. ವರದಿಯಲ್ಲಿ ಇಜಿಎಫ್‌ಆರ್ ಎಂದು ಬರೆಯುವುದು ಈ ಲೆಕ್ಕವನ್ನೇ. ಶುಗರ್ ಮಾತ್ರೆಗಳ ಪ್ರಮಾಣವೂ ಇದರ ಮೇಲೆಯೇ ನಿಂತಿದೆ.

ಪೊಟ್ಯಾಸಿಯಂ 5.5 ದಾಟಿದರೆ ಆಹಾರ, ಬೇರೆ ಔಷಧ ನೋಡಿ ಪ್ರಮಾಣ ಇಳಿಸಬೇಕು. 6 ಮುಟ್ಟಿದರೆ ಹೃದಯದ ಲಯಕ್ಕೇ ಅಪಾಯ, ಅಂದೇ ಆಸ್ಪತ್ರೆಗೆ. ಇಲ್ಲಿ ನಮ್ಮ ಊರಿನ ಎರಡು ವಸ್ತುಗಳ ಹೆಸರು ಹೇಳಲೇಬೇಕು. ಒಂದು ಎಳನೀರು: ನೂರು ಮಿಲಿಲೀಟರಿಗೆ 200-250 ಮಿ.ಗ್ರಾಂ. ಪೊಟ್ಯಾಸಿಯಂ. ಮೂತ್ರಪಿಂಡ ಸರಿಯಿದ್ದವರು ಒಂದು ಕುಡಿದರೆ ಏನೂ ಆಗದು. ಮೂತ್ರಪಿಂಡ ಸೋತವರು ಟೆಲ್ಮಿಸಾರ್ಟಾನ್ ಮೇಲೆ ದಿನಾ ಎರಡು ಕುಡಿದರೆ ಆಗುತ್ತದೆ. ಇನ್ನೊಂದು ‘ಲೋ ಸೋಡಿಯಂ’ ಉಪ್ಪು. ಅದರಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ತುಂಬಿರುತ್ತಾರೆ. ಬಿಪಿಗೆ ಒಳ್ಳೆಯದೇ, ಆದರೆ ಮೂತ್ರಪಿಂಡದ ತೊಂದರೆಯಿದ್ದು ಈ ಮಾತ್ರೆ ನುಂಗುವವರಿಗಲ್ಲ.

ಕ್ಲೋರ್ತಾಲಿಡೋನ್‌ದು ತದ್ವಿರುದ್ಧ ಕಥೆ: ಪೊಟ್ಯಾಸಿಯಂ ಮತ್ತು ಸೋಡಿಯಂ ಎರಡನ್ನೂ ಇಳಿಸುತ್ತದೆ, ಯೂರಿಕ್ ಆಮ್ಲ ಏರಿಸುತ್ತದೆ. 12.5 ಮಿ.ಗ್ರಾಂ.ನಿಂದ ಶುರು ಮಾಡಿ 2ರಿಂದ 4 ವಾರದಲ್ಲಿ ಸೋಡಿಯಂ, ಪೊಟ್ಯಾಸಿಯಂ ನೋಡಬೇಕು. ತೆಳ್ಳನೆಯ, ಕಡಿಮೆ ತಿನ್ನುವ, ವಯಸ್ಸಾದ ಹೆಂಗಸರಲ್ಲಿ ಸೋಡಿಯಂ 135ರಿಂದ 120ಕ್ಕೆ ಜಾರಬಲ್ಲದು. ಮೊದಲು ಸುಸ್ತು, ಆಮೇಲೆ ಮಂಕು, ತಡವರಿಕೆ, ಬೀಳುವುದು. ಮನೆಯವರು ‘ಅಜ್ಜಿಗೆ ಅರಳುಮರಳು’ ಎಂದುಕೊಳ್ಳುತ್ತಾರೆ. ಕಾಲಿನ ಹೆಬ್ಬೆರಳು ರಾತ್ರೋರಾತ್ರಿ ಕೆಂಪಾಗಿ ಊದಿದರೆ ಗೌಟ್, ಅದಕ್ಕೂ ಈ ಮಾತ್ರೆ ಕಾರಣವಾಗಿರಬಹುದು.

ಟೆಲ್ಮಿಸಾರ್ಟಾನ್, ಮೂತ್ರ ಹೋಗುವ ಮಾತ್ರೆ, ಅದರ ಮೇಲೊಂದು ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೇನ್ – ಈ ಮೂರು ಒಟ್ಟಾದರೆ ಮೂತ್ರಪಿಂಡಕ್ಕೆ ಮೂರೂ ಕಡೆಯಿಂದ ಹೊಡೆತ. ಒಂದು ಒಳಬರುವ ನಾಳವನ್ನು ಬಿಗಿಯುತ್ತದೆ, ಒಂದು ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ಇನ್ನೊಂದು ರಕ್ತದ ನೀರನ್ನೇ ತಗ್ಗಿಸುತ್ತದೆ; ಸೋಸಲು ಬೇಕಾದ ಒತ್ತಡ ಎಲ್ಲಿಂದ ಬರಬೇಕು? ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆಯ ಅಪಾಯ ಇಷ್ಟು. ಪ್ಯಾರಾಸಿಟಮಾಲ್ ಹೇಳಿದ ಮಿತಿಯಲ್ಲಿ ವಾಸಿ. ವಾಂತಿ-ಭೇದಿಯಾಗಿ ನೀರೂ ನಿಲ್ಲದ ದಿನಗಳಲ್ಲಿ ಟೆಲ್ಮಿಸಾರ್ಟಾನ್ ಗುಂಪು, ಮೂತ್ರ ಹೋಗುವ ಮಾತ್ರೆ, ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ ಇವನ್ನು ತಡೆಹಿಡಿದು, ಸರಿಯಾಗಿ ಉಂಡು ಕುಡಿಯಲು ಶುರುವಾದ ಒಂದೆರಡು ದಿನಕ್ಕೆ ಮತ್ತೆ ಆರಂಭಿಸುವ ಪದ್ಧತಿಯಿದೆ. ನಿಮ್ಮ ಪಟ್ಟಿಯಲ್ಲಿ ಯಾವುದನ್ನು ತಡೆಯಬೇಕೆಂದು ಆರೋಗ್ಯ ಸರಿಯಿದ್ದಾಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಮೂರು ಔಷಧ ಸರಿಯಾದ ಪ್ರಮಾಣದಲ್ಲಿದ್ದೂ ಬಿಪಿ ಇಳಿಯದಿದ್ದರೆ ನಾಲ್ಕನೆಯದಕ್ಕೆ ಕೈ ಹಾಕುವ ಮುನ್ನ ಮಾತ್ರೆ ನಿಜವಾಗಿ ಹೊಟ್ಟೆಗೆ ಹೋಗುತ್ತಿದೆಯೇ ನೋಡಬೇಕು. ಖಾಲಿ ಶೀಟು ಎಣಿಸಿದರೆ ತಿಳಿಯುತ್ತದೆ. ಆಮೇಲೆ ಉಪ್ಪು: ದಿನಕ್ಕೆ 5 ಗ್ರಾಂ.ಗಿಂತ ಕಡಿಮೆ ಎಂಬ ಮಿತಿ ಸಾರಿನಲ್ಲಿ ಪಾಲಿಸಿ, ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಲ್ಲಿ ಮುರಿಯುತ್ತೇವೆ. ನೆಗಡಿ ಮಾತ್ರೆಯ ಫಿನೈಲೆಫ್ರಿನ್, ಸ್ಟಿರಾಯ್ಡ್, ಗರ್ಭನಿರೋಧಕ ಮಾತ್ರೆ, ನೋವಿನ ಮಾತ್ರೆ ಎಲ್ಲವೂ ಬಿಪಿ ಏರಿಸುತ್ತವೆ. ಕೆಮ್ಮಿಗೆಂದು ದಿನವೂ ಅಗಿಯುವ ಜೇಷ್ಠಮಧುವೂ ಅಷ್ಟೇ, ಅದು ಪೊಟ್ಯಾಸಿಯಂ ಇಳಿಸಿ ಬಿಪಿ ಏರಿಸುತ್ತದೆ. ‘ಬೇರು-ನಾರು ತಾನೆ’ ಎಂದು ಇದನ್ನು ಯಾರೂ ಡಾಕ್ಟರಿಗೆ ಹೇಳುವುದಿಲ್ಲ. ಜೋರು ಗೊರಕೆ, ಹಗಲು ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇರಬಹುದು. ಇದೆಲ್ಲ ಆದಮೇಲೆ ನಾಲ್ಕನೆಯದಾಗಿ ಸಾಮಾನ್ಯವಾಗಿ ಬರುವುದು ಸ್ಪೈರೊನೊಲ್ಯಾಕ್ಟೋನ್ 25 ಮಿ.ಗ್ರಾಂ.; ಟೆಲ್ಮಿಸಾರ್ಟಾನ್ ಜೊತೆ ಪೊಟ್ಯಾಸಿಯಂ ಮೇಲೆ ಎರಡು ಪಟ್ಟು ಕಣ್ಣಿಡಬೇಕು, ಗಂಡಸರಲ್ಲಿ ಎದೆ ಊದಿ ನೋಯಬಹುದು.

ಒಮ್ಮೆ 180/120 ಬಂತೆಂದು ನಾಲಿಗೆಯಡಿ ನಿಫಿಡಿಪಿನ್ ಹನಿ ಹಾಕುವ ಕಾಲವೊಂದಿತ್ತು. ಬಿಪಿ ಧೊಪ್ಪನೆ ಬಿದ್ದು ಲಕ್ವ, ಹೃದಯಾಘಾತಗಳಾದ ಮೇಲೆ ಅದನ್ನು ಕೈಬಿಟ್ಟರು. ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಒಂದು ಬದಿ ಸೋಲುವುದು, ಕಣ್ಣು ಮಂಜಾಗುವುದು ಜೊತೆಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಯಾವುದೂ ಇಲ್ಲದಿದ್ದರೆ ಸ್ವಲ್ಪ ಹೊತ್ತು ಸುಮ್ಮನೆ ಕೂತು ಮತ್ತೆ ಅಳೆದು, ಬಿಟ್ಟುಹೋದ ಮಾತ್ರೆ ಯಾವುದೆಂದು ನೋಡಿ, ವೈದ್ಯರನ್ನು ಬೇಗ ಕಾಣುವುದು.

ಶುಗರ್‌ನ ಮಾತ್ರೆಗಳು

ಮೆಟ್‌ಫಾರ್ಮಿನ್ ಹೊಟ್ಟೆ ಕೆಡಿಸುತ್ತದೆ ಎಂದು ಬಿಟ್ಟವರಲ್ಲಿ ಹೆಚ್ಚಿನವರಿಗೆ ಕೆಟ್ಟದ್ದು ಅವಸರದಿಂದ. ಊಟದ ಜೊತೆ 500 ಮಿ.ಗ್ರಾಂ. ಒಂದು ಹೊತ್ತು, ವಾರಕ್ಕೆ 500ರಂತೆ ಏರಿಸಿ 2000ದವರೆಗೆ ಹೋದರೆ ಬಹುತೇಕ ಹೊಟ್ಟೆ ಒಗ್ಗಿಕೊಳ್ಳುತ್ತದೆ. ಒಗ್ಗದಿದ್ದರೆ ನಿಧಾನವಾಗಿ ಬಿಡುಗಡೆಯಾಗುವ ಬಗೆಯಿದೆ. ಅದರ ಖಾಲಿ ಕವಚ ಕೆಲವೊಮ್ಮೆ ಮಲದಲ್ಲಿ ಇಡಿಯಾಗಿ ಕಾಣುತ್ತದೆ; ಮಾತ್ರೆ ಕರಗಿಲ್ಲವೆಂದು ಹೆದರಬೇಕಿಲ್ಲ, ಔಷಧ ಒಳಗೆ ಇಳಿದಿರುತ್ತದೆ. ಅದನ್ನು ಮುರಿದು, ಪುಡಿಮಾಡಿ ನುಂಗಬಾರದು. ಇಜಿಎಫ್‌ಆರ್ 45ರ ಕೆಳಗಿಳಿದರೆ ದಿನಕ್ಕೆ 1000 ಮಿ.ಗ್ರಾಂ. ಮಿತಿ, 30ರ ಕೆಳಗೆ ಪೂರ್ತಿ ನಿಲ್ಲಿಸಬೇಕು. ವರ್ಷಗಟ್ಟಲೆ ನುಂಗುವವರಲ್ಲಿ ವಿಟಮಿನ್ ಬಿ12 ಇಳಿಯುತ್ತದೆ, ಸಸ್ಯಾಹಾರಿಗಳಲ್ಲಿ ಇನ್ನೂ ಬೇಗ. ಪಾದದ ಉರಿ, ಜೋಮು ಬಂದಾಗ ‘ಶುಗರ್‌ನಿಂದ ನರ ದುರ್ಬಲ’ ಎಂದು ತೀರ್ಮಾನಿಸುವ ಮುನ್ನ ಬಿ12 ನೋಡುವುದು ಒಳಿತು.

ಎರಡನೇ ಮಾತ್ರೆ ಯಾವುದೆಂಬುದನ್ನು ಹೃದಯ ಮತ್ತು ಮೂತ್ರಪಿಂಡ ನಿರ್ಧರಿಸುತ್ತವೆ. ಹೃದಯ ದುರ್ಬಲವಿದ್ದರೆ, ಮೂತ್ರದಲ್ಲಿ ಪ್ರೋಟೀನ್ ಇದ್ದರೆ ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್, ದಿನಕ್ಕೊಂದು 10 ಮಿ.ಗ್ರಾಂ. ಭಾರತದಲ್ಲಿ ಮೊದಲನೆಯದರ ಪೇಟೆಂಟ್ 2020ರಲ್ಲಿ, ಎರಡನೆಯದರದ್ದು 2025ರಲ್ಲಿ ಮುಗಿದು ಬೆಲೆ ಇಳಿದಿದೆ. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದರಿಂದ ಮೂತ್ರಪರೀಕ್ಷೆಯಲ್ಲಿ ಸಕ್ಕರೆ ಸದಾ ‘ಪ್ಲಸ್’ ಬರುತ್ತದೆ. ಅದನ್ನು ನೋಡಿ ಪ್ರಮಾಣ ಏರಿಸಬಾರದು. ಜನನಾಂಗದ ಶಿಲೀಂಧ್ರ ಸೋಂಕು ಮಾಮೂಲಿ ತೊಂದರೆ, ಮೂತ್ರ ಮಾಡಿದ ಮೇಲೆ ತೊಳೆದು ಒರೆಸಿಕೊಂಡರೆ ಬಹುಪಾಲು ತಪ್ಪುತ್ತದೆ. ಅಪರೂಪದ ಆದರೆ ಗಂಭೀರವಾದದ್ದು ಕೀಟೋನ್ ವಿಷವೇರಿಕೆ, ಅಂದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ಮಿತಿಮೀರುವುದು. ಶುಗರ್ 200 ಕೂಡ ಇಲ್ಲದೆ ವಾಂತಿ, ಹೊಟ್ಟೆನೋವು, ಏದುಸಿರು ಬರುತ್ತದೆ. ಅಂಕಿ ಸರಿಯಿದೆಯೆಂದು ಮನೆಯವರೂ ಕೆಲವೊಮ್ಮೆ ಆಸ್ಪತ್ರೆಯವರೂ ಮೋಸ ಹೋಗುತ್ತಾರೆ. ಕಠಿಣ ಉಪವಾಸದ ದಿನ ಇದನ್ನು ನುಂಗುವ ಬಗ್ಗೆ ಮೊದಲೇ ಕೇಳಿಕೊಳ್ಳಬೇಕು.

ಗ್ಲಿಮೆಪಿರೈಡ್ ಅಗ್ಗ, ಬೇಗ ಇಳಿಸುತ್ತದೆ, ಅತಿಯಾಗಿಯೂ ಇಳಿಸುತ್ತದೆ. ಊಟ ಮಾಡಿರಲಿ ಬಿಡಲಿ, ಅದು ಇನ್ಸುಲಿನ್ ಹಿಂಡುತ್ತಲೇ ಇರುತ್ತದೆ. ಏಕಾದಶಿಯೋ ರಂಜಾನೋ, ಉಪವಾಸದ ದಿನ ಅದರ ಲೆಕ್ಕ ಬೇರೆಯಾಗಲೇಬೇಕು. 70ಕ್ಕಿಂತ ಕೆಳಗಿಳಿದರೆ 15 ಗ್ರಾಂ. ಗ್ಲುಕೋಸ್, ಅಂದಾಜು ಮೂರು ಟೀ ಚಮಚ, ನೀರಲ್ಲಿ ಕಲಸಿ ಕುಡಿದು 15 ನಿಮಿಷಕ್ಕೆ ಮತ್ತೆ ನೋಡಬೇಕು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಜೊತೆ ವೊಗ್ಲಿಬೋಸ್ ಸೇರಿದ ಮೂರು-ಒಂದರ ಮಾತ್ರೆ ನಮ್ಮಲ್ಲಿ ಬಹಳ ಚಾಲ್ತಿಯಲ್ಲಿದೆ. ಅದನ್ನು ನುಂಗುವವರಿಗೆ ಸಕ್ಕರೆ, ಬೆಲ್ಲ, ಬಿಸ್ಕತ್ತು ಕೊಟ್ಟರೆ ಬೇಗ ಫಲ ಸಿಗದು, ಏಕೆಂದರೆ ಸಕ್ಕರೆಯನ್ನು ಒಡೆಯುವ ಕಿಣ್ವವನ್ನೇ ವೊಗ್ಲಿಬೋಸ್ ತಡೆದಿರುತ್ತದೆ. ಅಂಥವರ ಜೇಬಿನಲ್ಲಿ ಗ್ಲುಕೋಸ್ ಪುಡಿಯೇ ಇರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹೇಳುವುದು ಹಿಂದಿನ ಮೂರು ತಿಂಗಳ ಶುಗರ್‌ನ ಸರಾಸರಿ. 7 ಎಂದರೆ ಸರಾಸರಿ 154, 8 ಎಂದರೆ 183. ಔಷಧ ಬದಲಿಸಿ ಮೂರು ವಾರಕ್ಕೆ ಇದನ್ನು ಮಾಡಿಸಿದರೆ ದುಡ್ಡು ದಂಡ. ಗುರಿ ಮುಟ್ಟುವವರೆಗೆ ಮೂರು ತಿಂಗಳಿಗೆ, ಆಮೇಲೆ ಆರು ತಿಂಗಳಿಗೆ. ಸಾಮಾನ್ಯವಾಗಿ 7ರ ಕೆಳಗೆ ಗುರಿ, ಮುಪ್ಪಿನವರಿಗೆ 8ರವರೆಗೂ ಸರಿ. ಕಬ್ಬಿಣಾಂಶದ ಕೊರತೆಯಿದ್ದರೆ ಇದು ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಕಬ್ಬಿಣದ ಮಾತ್ರೆ ನುಂಗಿದ ಮೇಲೆ ಶುಗರ್ ಬದಲಾಗದೆಯೂ ಅಂಕಿ ಇಳಿಯುತ್ತದೆ. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೂ ಅಂಕಿ ನಂಬಲಾಗದು. ರಕ್ತಹೀನತೆಯಿರುವವರಿಗೆ ಗ್ಲುಕೋಮೀಟರಿನ ಲೆಕ್ಕವೇ ಮೇಲು. ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್, ಕಣ್ಣಿನ ಪರದೆ, ಪಾದಗಳ ಸ್ಪರ್ಶ ಪರೀಕ್ಷೆ.

ಥೈರಾಯ್ಡ್ ಮತ್ತು ಬೆಳಗಿನ ಕಾಫಿ

ಥೈರಾಯ್ಡ್ ಹಾರ್ಮೋನು ಕಡಿಮೆಯಿರುವವರಿಗೆ ಕೊಡುವ ಲೆವೊಥೈರಾಕ್ಸಿನ್ ವಿಷಯದಲ್ಲಿ ಆಯ್ಕೆಯ ಗೋಜಲಿಲ್ಲ, ಔಷಧ ಒಂದೇ. ಗೋಜಲಿರುವುದು ನುಂಗುವ ಕ್ರಮದಲ್ಲಿ. ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಕಾಯಬೇಕು. ಎದ್ದ ಕೂಡಲೇ ಫಿಲ್ಟರ್ ಕಾಫಿಯ ಜೊತೆಗೇ ನುಂಗಿದರೆ ಕಾಫಿ ಅದರ ಹೀರುವಿಕೆಯನ್ನು ತಗ್ಗಿಸುತ್ತದೆ. ಕಾಯಲಾಗದವರು ರಾತ್ರಿ ಊಟವಾಗಿ ಮೂರು ಗಂಟೆಯ ಮೇಲೆ ನುಂಗಬಹುದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಲಿ. ದೇಹದಲ್ಲಿ ಅದರ ಅರ್ಧ ಕರಗಲು ಒಂದು ವಾರ ಹಿಡಿಯುವುದರಿಂದ ಪ್ರಮಾಣ ಬದಲಿಸಿದ 6ರಿಂದ 8 ವಾರದ ಮೇಲೆಯೇ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನು) ನೋಡಬೇಕು. ಎರಡು ವಾರಕ್ಕೇ ನೋಡಿ ಪ್ರಮಾಣ ಏರಿಸಿದರೆ ಮೂರು ತಿಂಗಳಿಗೆ ಎದೆ ಬಡಿತ, ಬೆವರು, ತೂಕ ಇಳಿಕೆ ಕಾಣಬಹುದು. ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದರೆ ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಬೇಕು, ಇಲ್ಲವಾದರೆ ವರದಿಯೇ ಸುಳ್ಳು ಹೇಳಬಹುದು. ಹೃದಯದ ತೊಂದರೆಯಿರುವ ವೃದ್ಧರಿಗೆ 12.5 ಅಥವಾ 25 ಮೈಕ್ರೋಗ್ರಾಂನಿಂದ ಆರಂಭ. ಗರ್ಭ ನಿಂತದ್ದು ತಿಳಿದ ದಿನವೇ ವೈದ್ಯರಿಗೆ ತಿಳಿಸಬೇಕು, ಪ್ರಮಾಣವನ್ನು ಸುಮಾರು ಕಾಲು ಭಾಗದಷ್ಟು ಏರಿಸಬೇಕಾಗುತ್ತದೆ.

ಆಪರೇಷನ್‌ಗೆ ಮುಂಚೆ

ಬೇರೆ ಬೇರೆ ವೈದ್ಯರು ಬೇರೆ ಬೇರೆ ಕಾಲಕ್ಕೆ ಬರೆದ ಈ ಎಲ್ಲ ಮಾತ್ರೆಗಳು ಒಬ್ಬರ ಕಣ್ಣಿಗೆ ಒಟ್ಟಿಗೆ ಬೀಳುವುದು ಹಲವರ ಪಾಲಿಗೆ ಆಪರೇಷನ್ ಸಮಯದಲ್ಲೇ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ಗಳನ್ನು ಮೂರು ದಿನ ಮುಂಚೆಯೇ ನಿಲ್ಲಿಸಬೇಕು. ಹಿಂದಿನ ರಾತ್ರಿ ನೆನಪಾದರೆ ತಡವಾಯಿತು, ಅದನ್ನು ಮುಚ್ಚಿಡದೆ ಹೇಳಬೇಕು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಆ ದಿನ ಬೆಳಗ್ಗೆ ಬೇಡ. ಟೆಲ್ಮಿಸಾರ್ಟಾನ್ ಗುಂಪನ್ನು ಅನೇಕ ಅರಿವಳಿಕೆ ತಜ್ಞರು 24 ಗಂಟೆ ಮುಂಚೆ ನಿಲ್ಲಿಸಲು ಹೇಳುತ್ತಾರೆ, ಅರಿವಳಿಕೆಯಲ್ಲಿ ಬಿಪಿ ತೀರಾ ಬೀಳದಿರಲೆಂದು. ಮೆಟೊಪ್ರೊಲೋಲ್ ನುಂಗುತ್ತಿದ್ದವರು ಆ ಬೆಳಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗಬೇಕು, ಥೈರಾಯ್ಡ್ ಮಾತ್ರೆಯೂ ಹಾಗೆಯೇ. ಮಾತ್ರೆಗಳ ಹೆಸರು ಬಾಯಲ್ಲಿ ಹೇಳುವುದಕ್ಕಿಂತ ಎಲ್ಲ ಶೀಟುಗಳನ್ನೂ, ಆಯುರ್ವೇದದ ಡಬ್ಬಿಯನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿ ಅರಿವಳಿಕೆ ತಜ್ಞರ ಮೇಜಿನ ಮೇಲೆ ಸುರಿಯಿರಿ.